ಅವ್ವ ಕೊಟ್ಟ ಕಾಣಿಕೆ

ತಂಗಿ, ನೀನು ನಾಲ್ಕು ವಿಷಯ ಕೇಳಿದ್ದೀಯ. ಬಾಡಿಗೆ ರೂಮು, ಜೋಳದ ಹಿಟ್ಟು, ಚರ್ಚು. ಕೊನೆಗೆ ಇದು: "ಅಕ್ಕಾ, ನರ್ಸ್ ಕೆಲಸಕ್ಕೆ ಇಂಗ್ಲೆಂಡಿನ ಈ ಲೀಡ್ಸಿಗೆ ಬಂದು ಐದು ತಿಂಗಳಾಯಿತು. ಪ್ರಾರ್ಥನೆಗೆ ಕೂತರೆ ಮಾತೇ ಬರುವುದಿಲ್ಲ. ಬೈಬಲ್ ತೆಗೆದರೆ ಅಳು ಬರುತ್ತದೆ. ದೇವರು ನನ್ನ ಕೈಬಿಟ್ಟನಾ?" ಈ ಕೊನೆಯದನ್ನು ಕೇಳುವುದಕ್ಕೇ ನೀನು ಬರೆದದ್ದು, ಅಲ್ವಾ?

ಮೊದಲಿನವನ್ನು ಬೇಗ ಮುಗಿಸುತ್ತೇನೆ. ರೂಮು ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ ಇರಲಿ, ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಜೋಳದ ಹಿಟ್ಟು ಇಂಡಿಯನ್ ಅಂಗಡಿಗಳಲ್ಲಿ ಜ್ವಾರ್ ಅಂತ ಸಿಗುತ್ತದೆ. ಹಳೆಯ ಹಿಟ್ಟಿಗೆ ಜಿಗುಟು ಇರುವುದಿಲ್ಲ. ಕುದಿಯುವ ನೀರು ಹಾಕಿ ನಾದು, ಇಲ್ಲದಿದ್ದರೆ ಬಡಿಯುವಾಗ ಹರಿಯುತ್ತದೆ. ಚರ್ಚಿನ ಮಾತು ಮುಂದೆ ಬರುತ್ತದೆ.

ನಾನು ಶೆಫೀಲ್ಡಿಗೆ ಬಂದದ್ದು 2003ರ ನವೆಂಬರಿನಲ್ಲಿ. ಆಗ ನಿಮ್ಮ ಹಾಗೆ ನರ್ಸುಗಳ ಕೈಕೆಲಸ ನೋಡುವ ಆಸ್ಕಿ ಪರೀಕ್ಷೆ ಇರಲಿಲ್ಲ, ಕೆಲವು ತಿಂಗಳು ಅಡಾಪ್ಟೇಶನ್ ಅಂತ ತರಬೇತಿ ಮಾಡಿಸುತ್ತಿದ್ದರು. ಗುಳೇದಗುಡ್ಡದ ಬಿಸಿಲಲ್ಲಿ ಬೆಳೆದವಳು ನಾನು. ಇಲ್ಲಿ ಡಿಸೆಂಬರಿನಲ್ಲಿ ನಾಲ್ಕು ಗಂಟೆಯೊಳಗೇ ಹೊತ್ತು ಮುಳುಗುತ್ತಿತ್ತು. ಕತ್ತಲಲ್ಲಿ ಡ್ಯೂಟಿಗೆ ಹೋಗಿ ಕತ್ತಲಲ್ಲೇ ವಾಪಸ್. 1851ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿಗಳು ಚಳಿಯ ದೇಶ ಬಿಟ್ಟು ನಮ್ಮೂರಿಗೆ ಬಂದು ಕೂತರಲ್ಲ, ಅವರಿಗೆ ಹೇಗಾಗಿರಬೇಕು ಎಂದು ಆಗ ಮೊದಲ ಸಲ ಯೋಚಿಸಿದೆ. ಸಂಡೇ ಸ್ಕೂಲಿನಲ್ಲಿ ಎಷ್ಟು ಸಲ ಕೇಳಿದ್ದೆ, ಒಂದು ಸಲವೂ ಅನಿಸಿರಲಿಲ್ಲ.

ಮೊದಲ ಭಾನುವಾರವೇ ಚರ್ಚು ಹುಡುಕಿಕೊಂಡು ಹೋದೆ. ದೊಡ್ಡ ಕಲ್ಲಿನ ಕಟ್ಟಡ, ಒಳಗೆ ಹದಿನಾಲ್ಕು ಜನ, ಎಲ್ಲರೂ ವಯಸ್ಸಾದವರು. ಒಂದು ತಾಸಿಗೆ ಎಲ್ಲ ಮುಗಿಯಿತು. ಚಹಾ, ಬಿಸ್ಕತ್ತು ಕೊಟ್ಟು ಹವಾಮಾನದ ಮಾತಾಡಿದರು. ನಮ್ಮ ಸಭೆಯಲ್ಲಿ ಆರಾಧನೆ ಮುಗಿದ ಮೇಲೆ ಅಂಗಳದಲ್ಲೇ ಇನ್ನೊಂದು ತಾಸು ಮಾತು ನಡೆಯುತ್ತದೆ, ನಿನಗೆ ಗೊತ್ತಲ್ಲ. ಯಾರ ಮನೆಯಲ್ಲಿ ಜ್ವರ, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಎಲ್ಲವೂ. ರೂಮಿಗೆ ಬಂದು ಕೋಟು ಬಿಚ್ಚದೆ ಹಾಗೇ ಕೂತು ಅತ್ತೆ. ಆಮೇಲೆ ನೈಟ್ ಡ್ಯೂಟಿ ಶುರುವಾಯಿತು. ಚರ್ಚು ನಿಂತಿತು. ಪ್ರಾರ್ಥನೆ ಯಾವಾಗ ನಿಂತಿತೋ ಗೊತ್ತೇ ಆಗಲಿಲ್ಲ.

ಭಾನುವಾರ ಮಾತ್ರ ಕಾಲಿಂಗ್ ಕಾರ್ಡು ಕೆರೆದು ಅವ್ವನಿಗೆ ಫೋನ್ ಮಾಡುತ್ತಿದ್ದೆ. "ಊಟ ಆತೇನವ್ವ? ಚರ್ಚಿಗೆ ಹೋಗಿದ್ದಿಲ್ಲೋ? ಅಯ್ನಾರು ಯಾವ ವಾಕ್ಯ ತಗೊಂಡಿದ್ರು?" ಪ್ರತಿ ವಾರ ಅವೇ ಮೂರು ಪ್ರಶ್ನೆ. ಫೋನ್ ಮಾಡುವ ಮೊದಲು ಬೈಬಲ್ ತೆರೆದು ಕಣ್ಣಿಗೆ ಬಿದ್ದ ಅಧ್ಯಾಯ ನೋಡಿಕೊಳ್ಳುತ್ತಿದ್ದೆ. "ಇವತ್ತು ಯೋಹಾನ ಹದಿನೈದು, ಅವ್ವಾ." ಏಳು ತಿಂಗಳು ಹೀಗೇ ಹೇಳಿದೆ. ನಾನು ಆಗ ಬೈಬಲ್ ತೆರೆಯುತ್ತಿದ್ದದ್ದು ಸುಳ್ಳು ಹೇಳುವುದಕ್ಕೆ ಮಾತ್ರ.

ಜೂನ್ ತಿಂಗಳಲ್ಲಿ ಚಿಕ್ಕಪ್ಪನ ಮಗಳು ಫೋನಿನಲ್ಲಿ ಖುಷಿಯಿಂದ ಹೇಳಿದಳು. ಅವ್ವ ಸಭೆಯಲ್ಲಿ ಕೃತಜ್ಞತಾ ಕಾಣಿಕೆ ಕೊಟ್ಟಿದ್ದಳಂತೆ. ಅಯ್ನಾರು, ಅಂದರೆ ನಮ್ಮ ಪಾದ್ರಿಗಳು, ಚೀಟಿ ಓದಿದರಂತೆ: ಮಗಳು ಪರದೇಶದಲ್ಲಿ ಆರೋಗ್ಯವಾಗಿ, ಕರ್ತನಲ್ಲಿ ಸಂತೋಷವಾಗಿ ಇದ್ದಾಳೆಂದು 500 ರೂಪಾಯಿ. ಅಪ್ಪ ಮಗ್ಗದ ಮುಂದೆ ಎಷ್ಟು ಹೊತ್ತು ಕೂತು ಎಷ್ಟು ಖಣ ನೇಯ್ದ ದುಡ್ಡು ಅದು! ನನ್ನನ್ನು ಎತ್ತಿ ಆಡಿಸಿದ ಸಭೆ ಎದ್ದು ನಿಂತು ನನ್ನ ಸುಳ್ಳಿಗಾಗಿ ದೇವರನ್ನು ಸ್ತುತಿಸಿತ್ತು. ನನಗಾಗಿ ಬೇಡಿಕೊಳ್ಳಬೇಕಾದವರ ಬಾಯಿಯನ್ನು ನಾನೇ ಮುಚ್ಚಿಸಿದ್ದೆ.

ಆ ವಾರವೇ ಒಂದು ನೈಟ್ ಡ್ಯೂಟಿ ಮುಗಿದಾಗ ಲಾಕರಿಗೆ ಕೀಲಿ ಹಾಕಲು ಆಗದಷ್ಟು ಕೈ ನಡುಗಿತು. ಕೇರಳದ ಸಿಸ್ಟರ್ ಒಬ್ಬರು ನೋಡಿದರು. ಏನೂ ಕೇಳಲಿಲ್ಲ, ಮನೆಗೆ ಕರೆದುಕೊಂಡು ಹೋದರು. ಬಿಸಿ ಗಂಜಿ, ಹಪ್ಪಳ ಕೊಟ್ಟು ಸೋಫಾದ ಮೇಲೆ ಮಲಗಿಸಿದರು. ಬೆಳಗ್ಗೆ ಒಂಬತ್ತಕ್ಕೆ ಮಲಗಿದವಳು ಎದ್ದದ್ದು ಸಂಜೆ ಐದಕ್ಕೆ. ಮತ್ತೆ ಊಟಕ್ಕೆ ಹಾಕಿದರು. ನಾನು ಹೊರಡುವ ಹೊತ್ತಿಗೆ ತಲೆಯ ಮೇಲೆ ಕೈಯಿಟ್ಟು ಮಲಯಾಳದಲ್ಲಿ ಪ್ರಾರ್ಥನೆ ಮಾಡಿದರು. ನನಗೆ ತಿಳಿದದ್ದು "ಕರ್ತಾವೇ" ಎಂಬ ಒಂದೇ ಮಾತು. ಅಷ್ಟು ಸಾಕಾಯಿತು. ಬಸ್ಸಿನಲ್ಲಿ ಬರುವಾಗ ತುಟಿಗೆ ತಾನಾಗಿ "ಕರ್ತನೇ" ಬಂತು. ಏಳು ತಿಂಗಳಲ್ಲಿ ನಾನು ಮಾಡಿದ ಮೊದಲ ಪ್ರಾರ್ಥನೆ ಅದು.

ಆ ರಾತ್ರಿ ಬೈಬಲಿನಲ್ಲಿ ಒಂದನೆಯ ಅರಸುಗಳು ಹತ್ತೊಂಬತ್ತನೆಯ ಅಧ್ಯಾಯ ತೆಗೆದೆ. ನೀನೂ ಇವತ್ತು ತೆಗೆ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಗೆಲುವು ಕಂಡ ಪ್ರವಾದಿ ಎಲೀಯ, ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಅಡವಿಗೆ ಓಡಿ, ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ದೇವರು ಅವನನ್ನು ಬೈಯುವುದಿಲ್ಲ, ನಂಬಿಕೆ ಎಲ್ಲಿ ಹೋಯಿತು ಎಂದು ಕೇಳುವುದಿಲ್ಲ. ದೂತ ಬಂದು ತಟ್ಟಿ ಎಬ್ಬಿಸಿ, ಎದ್ದು ತಿನ್ನು ಅನ್ನುತ್ತಾನೆ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಲೆಯ ಹತ್ತಿರ ನೀರು. ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೆಯ ಸಲ ಎಬ್ಬಿಸಿ ಮತ್ತೆ ತಿನ್ನಿಸುತ್ತಾನೆ. ಹೋರೇಬ್ ಬೆಟ್ಟ, ಗಾಳಿ, ಭೂಕಂಪ, ಬೆಂಕಿ, ಆಮೇಲಿನ ಮೆಲ್ಲನೆಯ ದನಿ, ಎಲ್ಲವೂ ನಲವತ್ತು ದಿನದ ನಂತರ. ಚಿಕ್ಕವಳಿದ್ದಾಗ ನಮಗೆ ಕಲಿಸಿದ್ದು ಬೆಂಕಿಯ ಕಥೆ, ರೊಟ್ಟಿಯ ಕಥೆ ಅಲ್ಲ. ನಮ್ಮಜ್ಜಿ ಒಲೆಯ ಮುಂದೆ ಕೂತು ರೊಟ್ಟಿ ಸುಡುತ್ತಿದ್ದದ್ದು ನೆನಪಾಗಿ ಬಹಳ ಹೊತ್ತು ಸುಮ್ನೆ ಕೂತಿದ್ದೆ.

ಅದಕ್ಕೇ ಹೇಳುತ್ತೇನೆ, ದೇವರು ನಿನ್ನ ಕೈಬಿಟ್ಟಿಲ್ಲ. ನೀನು ದಣಿದಿದ್ದೀಯ. ಹನ್ನೆರಡು ತಾಸು ನಿಂತು ದುಡಿಯುವವಳು ಈಗ ಉಪವಾಸ ಪ್ರಾರ್ಥನೆ ಹಿಡಿಯಬೇಡ, ಯಾರು ಹೇಳಿದರೂ ಸರಿ. ಮೊಬೈಲಿನಲ್ಲಿ ಪ್ರಾರ್ಥಿಸಿ ಕಷ್ಟದಿಂದ ಬಿಡುಗಡೆ ಕೊಡಿಸುತ್ತೇವೆ ಎಂದು ಕಾಣಿಕೆ ಕೇಳುವವರಿಂದ ದೂರ ಇರು. ಮಾತು ಬಾರದಿದ್ದರೆ 88ನೆಯ ಕೀರ್ತನೆ ಓದು. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ. ಜಿಪಿ, ಅಂದರೆ ನಿನ್ನ ಬಡಾವಣೆಯ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳು. ರೋಗಿಗಳಿಗೆ ನಾವು ಹೇಳುವುದು ಅದನ್ನೇ ಅಲ್ವಾ? ಚಳಿಗಾಲದಲ್ಲಿ ವಿಟಮಿನ್ ಡಿ ದಿನಕ್ಕೆ 10 ಮೈಕ್ರೋಗ್ರಾಂ ತಗೋ. ಜೀವ ಬೇಡ ಅನ್ನಿಸಿದ ರಾತ್ರಿ ಸರ್ಕಾರಿ ಆರೋಗ್ಯ ಸಹಾಯವಾಣಿ 111 ಒತ್ತಿ 2 ಆರಿಸು, ಇಲ್ಲವೇ ಸಮಾರಿಟನ್ಸ್ ಸಹಾಯವಾಣಿ 116 123. ಎರಡೂ ದಿನದ 24 ತಾಸು ಇರುತ್ತವೆ. ನನ್ನ ನಂಬರೂ ಇದೆ.

ಚರ್ಚಿಗೆ ಬಂದರೆ, ಅದೇ ಹದಿನಾಲ್ಕು ಜನರ ಹತ್ತಿರ ನಾನು ವಾಪಸ್ ಹೋದೆ. ಡ್ಯೂಟಿ ಪಟ್ಟಿಯಲ್ಲಿ ತಿಂಗಳಿಗೆ ಎರಡು ಭಾನುವಾರ ಬಿಡಿಸಿಕೊಂಡೆ, ಅಷ್ಟು ಕೇಳಲು ಹೆದರಬೇಡ. ಒಬ್ಬ ಅಜ್ಜಿ ಹೇಗಿದ್ದೀಯ ಎಂದು ಕೇಳಿದಾಗ, ಚೆನ್ನಾಗಿಲ್ಲ ಅಂದೆ. ಮುಂದಿನ ವಾರ ಆಕೆ ನನ್ನ ಪಕ್ಕವೇ ಬಂದು ಕೂತಳು, ಮುಂದಿನ ಆರು ವರ್ಷ ಅಲ್ಲೇ ಕೂತಳು. ಸೆಪ್ಟೆಂಬರಿನಲ್ಲಿ ಇವರಿಗೂ ಸುಗ್ಗಿ ಹಬ್ಬ ಬಂತು. ನಮ್ಮೂರ ಹಾಗೆ ಕುಂಬಳಕಾಯಿ, ಕೋಳಿ, ಹರಾಜಿನ ಗದ್ದಲ ಯಾವುದೂ ಇಲ್ಲ. ಬಡವರಿಗೆ ಕೊಡಲು ಬೀನ್ಸಿನ ಡಬ್ಬಿ, ಸೂಪಿನ ಡಬ್ಬಿ ತಂದು ಸಾಲಾಗಿ ಇಟ್ಟಿದ್ದರು. ನಾನೂ ಒಂದು ಡಬ್ಬಿ ಇಟ್ಟೆ. ಈಗ ಆ ಚರ್ಚಿನಲ್ಲಿ ತಿಂಗಳಿಗೊಮ್ಮೆ ವಾಕ್ಯ ಓದುವವಳು ಗುಳೇದಗುಡ್ಡದ ನೇಕಾರನ ಮಗಳು. ಅಪ್ಪ ಕೇಳಬೇಕಿತ್ತು.

ಅವ್ವನಿಗೆ ಮಾತ್ರ ನಾನು ನಿಜ ಹೇಳಲೇ ಇಲ್ಲ. 2006ರಲ್ಲಿ ಊರಿಗೆ ಹೋದಾಗ ಒಲೆಯ ಮುಂದೆ ಇಬ್ಬರೇ ಇದ್ದೆವು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನೆರೆಯವರು ಬಂದರು, ಅವ್ವ ನನ್ನನ್ನು ಹೆಮ್ಮೆಯಿಂದ ತೋರಿಸಿದಳು, ನಾನು ಸುಮ್ಮನಾದೆ. 2011ರಲ್ಲಿ ಅವಳು ತೀರಿಕೊಂಡಳು. ಅಪ್ಪ ಹೋದ ಮೇಲೆ ಅವಳೂ ಪ್ರತಿ ವಾರ ಫೋನಿನಲ್ಲಿ "ನಾ ಆರಾಮ ಅದೀನಿ" ಅನ್ನುತ್ತಿದ್ದಳು. ಅದರಲ್ಲಿ ಎಷ್ಟು ನಿಜವೋ, ಈಗ ಯಾರನ್ನು ಕೇಳಲಿ?

ಈ ಭಾನುವಾರ ನಿನ್ನ ಅವ್ವ ಕೇಳಿದರೆ ಹೇಳಿಬಿಡು. "ಅವ್ವಾ, ನನಗ ಪ್ರಾರ್ಥನಿ ಬರವಲ್ದು, ನನ್ನ ಸಲುವಾಗಿ ನೀ ಮಾಡು" ಅನ್ನು. ಅಳುತ್ತಾಳೆ, ಅಳಲಿ. ಆಮೇಲೆ ಸಭೆಗೆ ಹೋಗಿ ನಿನಗಾಗಿ ಪ್ರಾರ್ಥಿಸಿರೆಂದು ಚೀಟಿ ಬರೆಸುತ್ತಾಳೆ. ನಿನ್ನ ರಜೆ ಯಾವತ್ತೆಂದು ನನಗೆ ತಿಳಿಸು. ಲೀಡ್ಸಿನಿಂದ ರೈಲಿನಲ್ಲಿ ಒಂದು ತಾಸು, ಸ್ಟೇಷನ್ನಿಗೆ ನಾನು ಬರುತ್ತೇನೆ. ಊರಿಂದ ಶೇಂಗಾ ಹಿಂಡಿ ಬಂದಿದೆ, ರೊಟ್ಟಿ ಬಡಿಯುತ್ತೇನೆ. ಉಂಡು ಮಲಗು, ಮಾತು ಸಂಜೆಗೆ ಇರಲಿ.