ಪುಟ್ಟ ಕಂಪ್ಯೂಟರ್‌ಗೆ ಎಂಥ ಮದರ್‌ಬೋರ್ಡ್?

ಪ್ರಶ್ನೆ: ಮದುವೆ ಫೋಟೊ ಎಡಿಟಿಂಗ್ ನನ್ನ ವೃತ್ತಿ. ಅಂಗಡಿಯಲ್ಲಿ ಜಾಗ ಕಡಿಮೆ. ರೈಜೆನ್ 5 8600ಜಿ ಪ್ರೊಸೆಸರ್ ಹಾಕಿಸಿ ಪುಟ್ಟ ಡೆಸ್ಕ್‌ಟಾಪ್ ಜೋಡಿಸಬೇಕೆಂದಿದ್ದೇನೆ. ಗ್ರಾಫಿಕ್ಸ್ ಕಾರ್ಡ್ ಬೇರೆ ಹಾಕಿಸುವುದಿಲ್ಲ. ಬಿ650 ಚಿಪ್‌ಸೆಟ್‌ನ ಮಿನಿ ಐಟಿಎಕ್ಸ್ (ಪುಟ್ಟ ಅಳತೆಯ) ಮದರ್‌ಬೋರ್ಡ್ ದುಬಾರಿಯೆನಿಸುತ್ತಿದೆ. ಕೊಳ್ಳಬಹುದೇ?
– ಓದುಗರೊಬ್ಬರು, ರಾಯಚೂರು

ಉತ್ತರ: ಮೊದಲು ಟೇಪು ಹಿಡಿದು ಜಾಗ ಅಳೆಯಿರಿ. ಮಿನಿ ಐಟಿಎಕ್ಸ್ ಬೋರ್ಡ್ 17 ಸೆಂ.ಮೀ. ಚೌಕ, ಮೈಕ್ರೊ ಎಟಿಎಕ್ಸ್ ಹೆಚ್ಚೆಂದರೆ 24.4 ಸೆಂ.ಮೀ. ಚೌಕ. ಮೇಜಿನ ಕೆಳಗೆ ಕ್ಯಾಬಿನೆಟ್ ಇಡಲು ಸಾಧ್ಯವಿದ್ದರೆ ಮೈಕ್ರೊ ಎಟಿಎಕ್ಸ್ ಕೊಳ್ಳಿ, ಉಳಿದ ಹಣದಲ್ಲಿ ಒಳ್ಳೆಯ ಮಾನಿಟರ್ ಬರುತ್ತದೆ. ಜಾಗ ನಿಜಕ್ಕೂ ಇಲ್ಲದಿದ್ದರೆ ಮಾತ್ರ ಮಿನಿ ಐಟಿಎಕ್ಸ್.

ಅದರಲ್ಲಿ ರ್‍ಯಾಮ್ ಸ್ಲಾಟ್ ಎರಡೇ. ‘ಈಗ ಒಂದು ಹಾಕಿಸಿ, ಮುಂದೆ ನೋಡೋಣ’ ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ. 8600ಜಿ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ರ್‍ಯಾಮ್ ಅನ್ನೇ ಬಳಸುತ್ತದೆ. ಒಂದೇ ರ್‍ಯಾಮ್ ಇದ್ದರೆ ದತ್ತಾಂಶ ಸಾಗುವ ದಾರಿ ಅರ್ಧಕ್ಕಿಳಿದು ಗ್ರಾಫಿಕ್ಸ್ ಸೊರಗುತ್ತದೆ. 8 ಜಿಬಿಯ ಎರಡನ್ನು ಹಾಕಿಸಿದರೆ ನಾಳೆ ಹೆಚ್ಚಿಸಲು ಎರಡನ್ನೂ ಕಿತ್ತಿಡಬೇಕು. ನಿಮ್ಮ ಕೆಲಸಕ್ಕೆ 16 ಜಿಬಿಯ ಎರಡು ಡಿಡಿಆರ್5 ರ್‍ಯಾಮ್‌ಗಳನ್ನು ಮೊದಲೇ ಹಾಕಿಸಿ.

ಎರಡನೆಯದು ಶಾಖ. ರಾಯಚೂರಿನ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ, ಪುಟ್ಟ ಪೆಟ್ಟಿಗೆಯೊಳಗೆ ಇನ್ನೂ ಹೆಚ್ಚು. ಪ್ರೊಸೆಸರ್‌ಗೆ ವಿದ್ಯುತ್ ಹದಗೊಳಿಸಿ ಕೊಡುವ ಭಾಗದ ಮೇಲೆ ಲೋಹದ ಹೀಟ್‌ಸಿಂಕ್ ಇರುವ ಬೋರ್ಡನ್ನೇ ಆರಿಸಿ. ಬಣ್ಣದ ದೀಪಗಳಿಗೆ ಹಣ ಕೊಡಬೇಡಿ. ಪ್ರೊಸೆಸರ್ ತಣಿಸುವ ಕೂಲರ್‌ನ ಎತ್ತರ ಕ್ಯಾಬಿನೆಟ್‌ನ ಮಿತಿಯೊಳಗಿದೆಯೇ, ರ್‍ಯಾಮ್‌ಗೆ ತಾಗುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ.

ಇಂಥ ಹಲವು ಬೋರ್ಡ್‌ಗಳಲ್ಲಿ ಎರಡನೇ ಎಂ.2 ಎಸ್‌ಎಸ್‌ಡಿ (ಬೋರ್ಡಿಗೇ ಸಿಕ್ಕಿಸುವ, ಕಡತಗಳನ್ನು ಉಳಿಸಿಡುವ ತೆಳು ಪಟ್ಟಿ) ಬೆನ್ನಿನ ಬದಿಯಲ್ಲಿರುತ್ತದೆ. ಅದನ್ನು ಬದಲಿಸಲು ಸಾಮಾನ್ಯವಾಗಿ ಬೋರ್ಡನ್ನೇ ಹೊರತೆಗೆಯಬೇಕು. ಗಾಳಿಯೂ ಅಲ್ಲಿಗೆ ಸರಿಯಾಗಿ ತಲುಪದು. ವಿಂಡೋಸ್ ಇರುವ ಎಸ್‌ಎಸ್‌ಡಿ ಮುಂಬದಿಯಲ್ಲಿರಲಿ. ಮದುವೆ ಫೋಟೊಗಳ ಇನ್ನೊಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಇರಲೇಬೇಕು.

ಹಣ ಕೊಡುವ ಮುನ್ನ ಬಯಾಸ್ (ಕಂಪ್ಯೂಟರ್ ಆನ್ ಮಾಡಿದೊಡನೆ ಓಡುವ, ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶ) ಆವೃತ್ತಿ ವಿಚಾರಿಸಿ. 8600ಜಿ ಮಾರುಕಟ್ಟೆಗೆ ಬಂದದ್ದು 2024ರ ಜನವರಿಯಲ್ಲಿ. ಬಿ650 ಬೋರ್ಡ್‌ಗಳು 2022ರಿಂದಲೇ ಇವೆ. ಹಳೆಯ ದಾಸ್ತಾನಿನದಾದರೆ ಅದರ ಬಯಾಸ್ ಈ ಪ್ರೊಸೆಸರನ್ನು ಗುರುತಿಸದೆ, ಹೊಸ ಬಯಾಸ್ ಹಾಕುವವರೆಗೆ ಕಂಪ್ಯೂಟರ್ ಆನ್ ಆಗದಿರಬಹುದು. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ಹಾಕುವ ಗುಂಡಿ ಕೆಲವು ಬೋರ್ಡ್‌ಗಳ ಹಿಂಬದಿಯಲ್ಲಿದೆ. ಅದಿಲ್ಲದಿದ್ದರೆ ಅಂಗಡಿಯಲ್ಲೇ ಹೊಸ ಬಯಾಸ್ ಹಾಕಿಸಿ, ನಿಮ್ಮ ಪ್ರೊಸೆಸರ್ ಕೂರಿಸಿ, ಪರದೆಯ ಮೇಲೆ ಚಿತ್ರ ಮೂಡಿದ್ದನ್ನು ನೋಡಿದ ನಂತರವೇ ಬಿಲ್ ಮಾಡಿಸಿ.