ಗುಡ್ಡೆಯ ತೋಟಕ್ಕೆ ಸೊಪ್ಪು ಎಲ್ಲಿಂದ?

ಕಾಸರಗೋಡು ಜಿಲ್ಲೆಯ ಬಾಯಾರು ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಹೋದ ತಿಂಗಳು ಅಡಿಕೆ ಇಳುವರಿ ಹೆಚ್ಚಿಸುವ ಬಗ್ಗೆ ನೀವು ಹಾಕಿದ ಲೇಖನ ಓದಿದೆ. ಅದೆಲ್ಲ ಬೈಲಿನವರಿಗೆ ಸರಿ. ನಮ್ಮದು ಗುಡ್ಡೆಯ ಇಳಿಜಾರು, ಒಂದು ಎಕ್ರೆ, 500 ಮರ. ಹತ್ತು ವರ್ಷದಿಂದ ಗೊಬ್ಬರ ಜಾಸ್ತಿ ಹಾಕಿದಷ್ಟೂ ಫಸಲು ಕಮ್ಮಿ. ಮಾರ್ಚಿಗೆ ನೀರಿಲ್ಲ. ಮಾರಿಬಿಡುವ ಅಂತಾನೆ ಮಗ. ತಪ್ಪು ನನ್ನದಾ, ಮಣ್ಣಿನದಾ?"

ನಿಮ್ಮ ದೂರು ನ್ಯಾಯವಾದದ್ದು. ಆ ಲೇಖನ ಸಪಾಟು ಜಾಗದ ತೋಟ ನೋಡಿ ಬರೆದದ್ದು. ಇಳಿಜಾರಿನವರ ಕಷ್ಟ ಅದರಲ್ಲಿ ಬರಲೇ ಇಲ್ಲ. ಕ್ಷಮಿಸಿ.

ನನ್ನ ಅಜ್ಜನ ತೋಟ ಬೈಲಿನಲ್ಲಿತ್ತು. ಎರಡೂ ಪಕ್ಕ ಸೊಪ್ಪಿನ ಗುಡ್ಡೆ. ಬೆಳಗ್ಗೆ ಹೋಗಿ ಸೊಪ್ಪು ಕಡಿದು, ತಲೆಹೊರೆಯಲ್ಲಿ ತಂದು ಹಟ್ಟಿಗೆ ಹಾಸುತ್ತಿದ್ದರು. ದನಗಳು ತುಳಿದು ತುಳಿದು ಅದು ಗೊಬ್ಬರವಾಗುತ್ತಿತ್ತು. ಹಟ್ಟಿಯಿಂದ ಎಳೆದು ತೆಗೆಯುವಾಗ ಹಬೆ ಏಳುತ್ತಿತ್ತು. ಬುಟ್ಟಿ ಹೊತ್ತರೆ ನೆತ್ತಿಗೂ ಬಿಸಿ ತಾಗುತ್ತಿತ್ತು. ಅಂದರೆ ತೋಟಕ್ಕೆ ಉಣ್ಣಿಸುತ್ತಿದ್ದದ್ದು ಗುಡ್ಡೆ. ಆಮೇಲೆ ಗುಡ್ಡೆಗೆ ರಬ್ಬರ್ ಬಂತು, ಗೇರು ಬಂತು, ಕೊನೆಗೆ ಅಡಿಕೆಯೂ ಹತ್ತಿತು. ಜಾಗ ಪಾಲಾಗುತ್ತಾ ಹೋದಾಗ ಬೇರೆ ದಾರಿಯಾದರೂ ಎಲ್ಲಿತ್ತು? ಉಣ್ಣಿಸುವ ಜಾಗದಲ್ಲೇ ಉಣ್ಣುವ ಮರ ನೆಟ್ಟೆವು. ಹಟ್ಟಿ ಖಾಲಿಯಾಯಿತು. ಇದರಲ್ಲಿ ನಿಮ್ಮನ್ನು ನೀವೇ ದೂರಿಕೊಳ್ಳಬೇಡಿ.

ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸು ನಿಮಗೆ ಬಾಯಿಪಾಠ ಇರಬಹುದು. ಅದರ ಜೊತೆಗೇ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಕಾಂಪೋಸ್ಟ್ ಅಂತಲೂ ಇದೆ. ಇದನ್ನು ಎಲ್ಲರೂ ಮರೆತಿದ್ದಾರೆ. ನಿಮ್ಮ 500 ಮರಕ್ಕೆ ಸೊಪ್ಪೇ 6 ಟನ್ ಬೇಕು. ಅದಿಲ್ಲದೆ ಚೀಲದ ಗೊಬ್ಬರ ಮಾತ್ರ ಹಾಕಿದರೆ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ಮಣ್ಣಿಗೆ ಅದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇಲ್ಲ. ನಾಲ್ಕು ಮಳೆಗೆ ತೋಡು (ಹಳ್ಳ) ಸೇರುತ್ತದೆ. ಮಳೆಗೆ ತೊಳೆದು ತೊಳೆದು ಮಣ್ಣು ಹುಳಿಯೂ ಆಗಿರುತ್ತದೆ. ಆದ್ದರಿಂದ ಮೊದಲು ಮಣ್ಣು ಪರೀಕ್ಷೆ, ಅದರ ಪ್ರಕಾರ ಸುಣ್ಣ. ಗೊಬ್ಬರ ಆಮೇಲೆ. ವರದಿ ಮಲಯಾಳದಲ್ಲಿ ಬಂದರೆ, ಕನ್ನಡದಲ್ಲಿ ಹೇಳಿ ಅಂತ ಕೃಷಿಭವನದಲ್ಲಿ ಕೇಳಿ. ಸಂಕೋಚ ಬೇಡ. ತಿಳಿಯದ ಕಾಗದವನ್ನು ಸುಮ್ನೆ ಮಡಚಿಟ್ಟು ನಷ್ಟ ಮಾಡಿಕೊಂಡವರು ನಮ್ಮಲ್ಲಿ ಬಹಳ ಜನ.

ಇನ್ನು ನೀರು. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ನಿಮ್ಮ ಒಂದು ಎಕ್ರೆಯ ಮೇಲೆ ಬೀಳುವುದೇ 1.4 ಕೋಟಿ ಲೀಟರ್. ಇಷ್ಟು ಬಿದ್ದೂ ಮಾರ್ಚಿಗೆ ಒಣಗುತ್ತದೆ, ಯಾಕೆಂದರೆ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರಿನ ಒಳಗೆ ಸುರಿದು ಹರಿದುಹೋಗುತ್ತದೆ. ನಿಮ್ಮ ಊರಿನ ಗುಡ್ಡೆಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗಗಳು ಎಷ್ಟಿವೆ, ನಿಮಗೇ ಗೊತ್ತು. ಒಬ್ಬ ಹೊಕ್ಕು ಅಗೆಯುವಷ್ಟೇ ಅಗಲ. ಪಂಪು ಬೇಡ, ಕರೆಂಟು ಬೇಡ. ಗಡಿಯಾಚೆ ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡೆಗೆ ಒಬ್ಬರೇ ಸುರಂಗ ಕೊರೆದು ನೀರು ತಂದು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೆ ಗುಡ್ಡೆ ಕುಡಿದಷ್ಟೇ ನೀರು ಸುರಂಗದಲ್ಲಿ ಬರುವುದು. ಮೇಲೆ ಕಾಡಿಲ್ಲ, ಸುತ್ತ ಕೊಳವೆಬಾವಿ ಅಂತಾದರೆ ಅದೂ ಬತ್ತುತ್ತದೆ.

ನಾನಾಗಿದ್ದರೆ ತೋಟದ ಮೇಲಿನ ಅಂಚಿನಿಂದ ಶುರು ಮಾಡುತ್ತಿದ್ದೆ. ಇಳಿಜಾರಿಗೆ ಅಡ್ಡಕ್ಕೆ ಸಣ್ಣ ಅಗಳು (ಚರಂಡಿ), ಅದರ ಮಣ್ಣಿನಲ್ಲೇ ಕೆಳಬದಿಗೆ ಬದು, ಬದುವಿನುದ್ದಕ್ಕೂ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಗೂಟ. ಎರಡು ವರ್ಷದಲ್ಲಿ ಸೊಪ್ಪು ಕಡಿಯಲು ಸಿಗುತ್ತದೆ. ಬಿದ್ದ ಸೋಗೆ, ಹಾಳೆ ಸುಡಬೇಡಿ. ಬುಡಕ್ಕೇ ಹಾಕಿ. ಒಂದು ಎಚ್ಚರಿಕೆ: ತೀರಾ ಕಡಿದಾದ ಕಡೆ ಇಂಗುಗುಂಡಿ, ಅಗಳು ಯಾವುದೂ ಬೇಡ. ನೀರು ಕುಡಿದ ಮಣ್ಣು ಜರಿದು ಕೆಳಗಿನ ಮನೆಯವರ ಮೇಲೆ ಬೀಳಬಹುದು. ಅಲ್ಲಿ ಹುಲ್ಲು, ಗಿಡ ಇರಲಿ, ಸಾಕು. ತೋಡಿಗೆ ಕಟ್ಟ (ನೀರು ನಿಲ್ಲಿಸುವ ಒಡ್ಡು) ಹಾಕುವುದಾದರೆ ನೆರೆಕರೆಯವರೂ ಸೇರಬೇಕು. ನಮ್ಮ ಜಿಲ್ಲೆಯ ಏತಡ್ಕದವರು ಸಾಲು ಕಟ್ಟ ಹಾಕುವುದನ್ನು ಒಮ್ಮೆ ಹೋಗಿ ನೋಡಿ ಬನ್ನಿ.

ಮಗನ ಮೇಲೆ ಸಿಟ್ಟು ಮಾಡಬೇಡಿ. ಮಳೆಗಾಲದಲ್ಲಿ ಮದ್ದು ಬಿಡಲು ಮರ ಹತ್ತುವವರು ಸಿಗದೆ ನೀವು ಒದ್ದಾಡಿದ್ದನ್ನು, ಕೊಳೆರೋಗಕ್ಕೆ ಎಳೆಕಾಯಿ ಉದುರಿದ್ದನ್ನು ನೋಡಿಯೇ ಅವನು ಬೆಳೆದದ್ದು, ಅಲ್ವಾ? ಮಾರುವುದಾದರೂ ಮೂರು ಮಳೆಗಾಲ ಬಿಟ್ಟು ಮಾರುವ ಅಂತ ಕೇಳಿ ನೋಡಿ. ಫಸಲು ತಕ್ಷಣ ಏರುತ್ತದೆ ಅಂತ ನಾನು ಹೇಳಲಾರೆ. ಹಳದಿ ರೋಗ ಹೊಕ್ಕಿದ್ದರೆ ಲೆಕ್ಕವೇ ಬೇರೆ. ಎಲೆ ಹಳದಿಯಾಗಿದ್ದರೆ ಮೊದಲು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರಿಗೆ ತೋರಿಸಿ.

ಈ ಸಲ ಮೊದಲ ಜೋರು ಮಳೆಗೆ ಕೊಡೆ ಹಿಡಿದು ತೋಟದ ಕೆಳಗೆ ನೀರು ಹರಿಯುವ ಕಣಿಯ ಹತ್ತಿರ ನಿಲ್ಲಿ. ಒಂದು ಬಾಟಲಿಯಲ್ಲಿ ಆ ನೀರು ಹಿಡಿದು ರಾತ್ರಿಯಿಡೀ ಜಗಲಿಯಲ್ಲಿ ಇಡಿ. ಬೆಳಗ್ಗೆ ಅಡಿಯಲ್ಲಿ ಎಷ್ಟು ಬೆರಳು ಕೆಂಪು ಮಣ್ಣು ನಿಂತಿದೆ ಅಂತ ನನಗೆ ಬರೆಯಿರಿ. ಮುಂದಿನ ವರ್ಷ ಅಗಳು ತೆಗೆದ ಮೇಲೆ ಇನ್ನೊಮ್ಮೆ ಹಿಡಿಯಿರಿ. ಎರಡೂ ಪತ್ರವನ್ನು ಇಲ್ಲೇ ಹಾಕುತ್ತೇನೆ.

— ಸಂಪಾದಕ