ಪದ್ಮಿನಿ ಎಂಜಿನ್ ಕೊಟ್ಟು ಅಂಬಾಸಿಡರ್ ಎಂಜಿನ್ ತಗೊಳ್ಳಬಹುದಾ?

ಪ್ರಶ್ನೆ: ಅಪ್ಪನ ಪ್ರೀಮಿಯರ್ ಪದ್ಮಿನಿಯ ಎಂಜಿನ್ ಬಿಚ್ಚಿ ಶೆಡ್ಡಿನಲ್ಲಿ ಇಟ್ಟಿದ್ದೇವೆ. ಅದಕ್ಕೆ ಬದಲಾಗಿ ಅಂಬಾಸಿಡರ್ ಪೆಟ್ರೋಲ್ ಎಂಜಿನ್ ಕೊಡುತ್ತೇನೆ ಅಂತ ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ನಮ್ಮದರ ಬೆಲೆ ತಿಳಿಯೋದು ಹೇಗೆ?
– ಓದುಗರು, ಹಾಸನ

ಉತ್ತರ: ಪದ್ಮಿನಿಯದು 1089 ಸಿಸಿ, ಹಳೇ ಅಂಬಾಸಿಡರ್‌ನದು 1489 ಸಿಸಿ. ಆದರೆ ದೊಡ್ಡದು ಅಂದ ಮಾತ್ರಕ್ಕೆ ಜಾಸ್ತಿ ಬೆಲೆ ಅಲ್ಲ.

ಮೊದಲು ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೂ ಸ್ವಲ್ಪ ಆಯಿಲ್ ಬಿಡಿ, ಒಂದು ದಿನ ಬಿಟ್ಟು ಮುಂದಿನ ಪುಲ್ಲಿಯ ನಟ್‌ಗೆ ಸ್ಪ್ಯಾನರ್ ಹಾಕಿ ನಿಧಾನವಾಗಿ ತಿರುಗಿಸಿ. ಜಾಮ್ ಆಗಿದ್ದರೆ ಬಲವಂತ ಬೇಡ, ಬೆಲೆ ಅಲ್ಲೇ ಅರ್ಧಕ್ಕಿಂತ ಕೆಳಗೆ ಬಿತ್ತು. ತಿರುಗಿದರೆ ಕಂಪ್ರೆಶನ್ ಗೇಜ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಮೀಟರ್) ಹಾಕಿಸಿ. ನಾಲ್ಕೂ ಸಿಲಿಂಡರಿನ ಓದು ಹೆಚ್ಚು ಕಡಿಮೆ ಒಂದೇ ಇರಬೇಕು. ಒಂದು ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ: ಓದು ಏರಿದರೆ ಪಿಸ್ಟನ್ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ತೊಂದರೆ, ಇದು ಸ್ವಲ್ಪ ಅಗ್ಗದ ರಿಪೇರಿ. ಹಿಂದೆ ಎಷ್ಟು ಸಲ ರೀಬೋರ್ (ಸವೆದ ಸಿಲಿಂಡರನ್ನು ಕೊರೆದು ಸ್ವಲ್ಪ ಅಗಲ ಮಾಡೋದು) ಆಗಿದೆ ಅಂತ ಕೇಳಲೇಬೇಕು, ಬ್ಲಾಕಿನಲ್ಲಿ ಇನ್ನು ಕೊರೆಯಲು ಜಾಗವೇ ಇಲ್ಲದಿದ್ದರೆ ಹೊಳೆಯುವ ಪೇಂಟಿಗೆ ಸುಮ್ನೆ ದುಡ್ಡು ಕೊಟ್ಟ ಹಾಗೆ.

ಅವರ ಎಂಜಿನ್ನನ್ನೂ ಹೀಗೇ ನೋಡಿ, ತಣ್ಣಗಿರುವಾಗ ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ ಅರ್ಥ.

ಅಪ್ಪನ ಕಾರು ಇನ್ನೂ ನಿಮ್ಮ ಹತ್ತಿರವೇ ಇದೆಯಾ? ಆರ್‌ಸಿಯಲ್ಲಿರುವ ನಂಬರ್ ಈ ಎಂಜಿನ್ನಿನದೇ ಆಗಿದ್ದರೆ ದಯವಿಟ್ಟು ಕೊಡಬೇಡಿ. ಕಾರಿಗೆ ಅದರದೇ ಎಂಜಿನ್ ಇದ್ದರೆ ಎರಡಕ್ಕೂ ಬೆಲೆ.